ಅಮ್ಮಿಯ ಕೊನೆಯ ಸ್ನಾನ

ಮಾನ್ವಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಿದ್ದ ಕುಬ್ರಾ ಬೇಗಂಳ ಬಾಯಿ ಎಂದರೆ ಬಾಯಿ! ತೂಕಕ್ಕೆ ತಕರಾರು ತೆಗೆದ ಗಿರಾಕಿಗೆ, "ಬರ್ರಿ ಸಾಹೇಬ್ರ, ತಕ್ಕಡ್ಯಾಗ ನೀವ ಕುಂದರ್ರಿ, ನಿಮ್ಮನ್ನೂ ತೂಗಿಬಿಡ್ತೀನಿ" ಎಂದು ನಗಿಸಿಯೇ ಮಾರುವವಳು. ಅಂಥವಳು ಒಂದು ಸಂಗತಿಯನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಅವಳಿಗೆ ಮೂರನೆಯ ಹೆರಿಗೆಯಾಯಿತು. ಬಾಣಂತನ ಮುಗಿಯುವ ಮೊದಲೇ ಗಂಡ ಮೀರಾಹುಸೇನ ಕಾಮಾಲೆಯಾಗಿ ಹಾಸಿಗೆ ಹಿಡಿದ. ಸಂತೆ ಬಿಟ್ಟರೆ ಒಲೆ ಹೊತ್ತುವುದು ಹೇಗೆ? ಹಸಿ ಮೈಯಲ್ಲೇ ಚೀಲ ಎತ್ತಿದಳು, ಇಳಿಸಿದಳು. ಒಂದು ದಿನ ಜಳಕಕ್ಕೆ ಕೂತಾಗ ತೊಡೆಗಳ ನಡುವೆ ಕೈಗೆ ಮೆತ್ತನೆಯ ಗಡ್ಡೆಯಂಥದು ತಾಗಿತು. ಒಳಗಿನದು ಹೊರಗೆ ಇಳಿದಿತ್ತು. ಅವಳ ಜೀವ ಹಾರಿಹೋಯಿತು. ತಳ್ಳಿದರೆ ಒಳಗೆ ಹೋಗುತ್ತಿತ್ತು, ಚೀಲ ಎತ್ತಿದರೆ ಮತ್ತೆ ಜಾರುತ್ತಿತ್ತು. ಕೆಮ್ಮಿದರೆ, ನಕ್ಕರೆ ಉಚ್ಚೆ ಹನಿಯುತ್ತಿತ್ತು. ಯಾರಿಗೆ ಹೇಳುವುದು? ಗಂಡನಿಗೆ? ಓಣಿಯ ಹೆಂಗಸರಿಗೆ? ಅದಕ್ಕಿಂತ ಸಾಯುವುದೇ ಮೇಲು ಅನಿಸಿತು.

ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜು ಮಾಡಿ ನಿಂತರೆ, ಬಾಗುವಷ್ಟರಲ್ಲಿ ಬಟ್ಟೆ ಒದ್ದೆ. ಮತ್ತೆ ತೊಳೆದು ನಿಂತರೂ ಅದೇ ಹಾಡು. ಇಂಥ ಮೈಯಲ್ಲಿ ದೇವರ ಮುಂದೆ ನಿಲ್ಲುವುದೇ ಪಾಪವೆಂದು ನಮಾಜನ್ನೇ ಬಿಟ್ಟಳು. ಓಣಿ ಸುಮ್ಮನಿದ್ದೀತೇ? ರೊಕ್ಕ ಕಂಡಾಕಿಗೆ ಅಲ್ಲಾ ಯಾಕ ಬೇಕು ಎಂದು ಆಡಿಕೊಂಡಿತು.

ಆ ಮಾತು ದೇವದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಕುರಾನು ಓದಿಸುತ್ತಿದ್ದ ತಾಯಿ ಸುಗ್ರಾ ಬೇಗಂಳ ಕಿವಿಗೂ ಬಿತ್ತು. ಎಂಬತ್ತೊಂದನೆಯ ಇಸವಿಯಲ್ಲಿ ಆಕೆ ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿಕೊಂಡಳು.

"ನಮಾಜು ಯಾಕ ಬಿಟ್ಟಿ ಅಂತ ನಾ ಕೇಳಂಗಿಲ್ಲ ಬೇಟಿ. ಆದ್ರ ನಾ ಸತ್ತ ಮ್ಯಾಲ ನನ್ನ ಮೈ ನೀನ ತೊಳೀಬೇಕು. ಬ್ಯಾರೆ ಯಾರೂ ಮುಟ್ಟಬಾರದು. ಹ್ಞೂಂ ಅನ್ನು."

ಕುಬ್ರಾ ಹ್ಞೂಂ ಎಂದಳು.

ಅದೇ ವಾರ ಸುಗ್ರಾ ಬೇಗಂ ತೀರಿಕೊಂಡಳು. ನೀರು ಕಾಯಿಸಿ, ಪರದೆ ಕಟ್ಟಿ, ಹೆಂಗಸರು ಮಗಳನ್ನು ಕರೆದರು. ಕುಬ್ರಾ ಹೊಸ್ತಿಲ ಬಳಿಯೇ ನಿಂತಳು. ಅತ್ತ ರಭಸಕ್ಕೆ ಉಚ್ಚೆ ಹನಿದು ಬಟ್ಟೆ ಆಗಲೇ ಒದ್ದೆಯಾಗಿತ್ತು. ಈ ಹೊಲಸು ಮೈಯಿಂದ ಅಮ್ಮಿಯ ಕೊನೆಯ ಸ್ನಾನ ಕೆಡಿಸಲೇ?

"ನನ್ನಿಂದ ಆಗಂಗಿಲ್ಲ," ಎಂದಳು.

"ಎಂಥ ಕಲ್ಲು ಮನಸಿನಾಕಿ ಇದ್ದೀ ಬೇ!" ಎಂದು ಹೆಂಗಸರು ಉಗಿದರು. ಕಡೆಗೆ ತಾಯಿಯ ಶಿಷ್ಯೆ ರಜಿಯಾ ಬೇಗಂ ಇನ್ನಿಬ್ಬರನ್ನು ಕರೆದುಕೊಂಡು ಪರದೆಯೊಳಗೆ ಹೋದಳು.

ಎರಡು ವರ್ಷದ ಮೇಲೆ ಕುಬ್ರಾ ಮಗಳ ಹೆರಿಗೆಗೆಂದು ರಾಯಚೂರಿನ ಆಸ್ಪತ್ರೆಗೆ ಹೋಗಿದ್ದಳು. ಗೋಡೆ ಹಿಡಿದು ಕಾಲು ಅಗಲಿಸಿ ನಡೆಯುತ್ತಿದ್ದವಳನ್ನು ಕಂಡ ನರ್ಸ್ ಗುರುಶಾಂತಮ್ಮ ಬಿಡದೆ ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು.

"ಗರ್ಭಚೀಲ ಜಾರ್ಯಾದವ್ವಾ," ಎಂದಳು ಡಾಕ್ಟರಮ್ಮ. "ಅದನ್ನ ಹಿಡಕೊಂಡಿರೋ ನರ, ಮಾಂಸ ಹೆರಿಗ್ಯಾಗ ಸಡ್ಲ ಆಗ್ತಾವ. ಹಸಿ ಮೈಯಾಗ ಭಾರ ಎತ್ತಿದ್ರ ಇನ್ನೂ ಇಳೀತದ. ಇದು ಶಾಪಾನೂ ಅಲ್ಲ, ನಿನ್ನ ತಪ್ಪೂ ಅಲ್ಲ. ಇಂಥೋರು ಭಾಳ ಮಂದಿ ಬರ್ತಾರ. ಈಗ ಅದು ಜಾರದಂಗ ಒಳಗ ಒಂದು ರಿಂಗ್ ಹಾಕ್ತೀನಿ, ಬೇಕಾದ್ರ ಮುಂದ ಆಪರೇಶನ್ನೂ ಮಾಡಬಹುದು. ಇಷ್ಟು ವರ್ಷ ಯಾಕ ಸುಮ್ಮನಿದ್ದಿ?"

ಕುಬ್ರಾ ಹನ್ನೊಂದು ವರ್ಷದ ಕತೆಯನ್ನೆಲ್ಲ ಆಕೆಯ ಮುಂದೆ ಹೇಳಿದಳು. ಒಮ್ಮೆ ಬಾಯಿಬಿಟ್ಟ ಮೇಲೆ ಧೈರ್ಯ ಬಂತು. ಊರಿಗೆ ಮರಳುವ ಮುಂಚೆ ದೇವದುರ್ಗದ ಬಸ್ಸು ಹತ್ತಿ ರಜಿಯಾಳ ಮನೆಗೆ ಹೋಗಿ, ಎಲ್ಲವನ್ನೂ ಹೇಳಿ, ಇಂಥವಳು ನಮಾಜು ಮಾಡಬಹುದೇ ಎಂದು ಕೇಳಿದಳು.

ರಜಿಯಾ ಹಣೆ ಹಣೆ ಬಡಿದುಕೊಂಡಳು. "ಯಾ ಅಲ್ಲಾ! ಹನಿ ನಿಲ್ಲದೋರು ಹೊತ್ತಿಗೊಂದು ವುಜು ಮಾಡಿದ್ರ ಸಾಕು, ಆಮ್ಯಾಲ ಹನಿದ್ರೂ ನಮಾಜು ಆಗ್ತದ. ಲಗ್ನಾದ ಹೆಣ್ಮಕ್ಕಳಿಗೆಲ್ಲ ಇದನ್ನ ಹೇಳಿಕೊಡತಿದ್ದಾಕಿ ನಿಮ್ಮ ಅಮ್ಮಿ!" ಆಮೇಲೆ ದನಿ ತಗ್ಗಿಸಿದಳು. "ಮೈ ತೊಳಿಯೋವಾಗ ಕಂಡದ್ದು ಹೊರಗ ಹೇಳಬಾರದು. ಆದ್ರ ನಿನಗ ಹೇಳತೀನಿ. ಆಕೀಗೂ ಹಿಂಗ ಆಗಿತ್ತು ಕುಬ್ರಾ. ಪೂರಾ ಹೊರಗ ಬಂದಿತ್ತು. ಬಿಗಿಯಾಗಿ ಬಟ್ಟಿ ಕಟಗೊಂಡಿದ್ಲು."

"ಅದಕ್ಕ ನೀನ ತೊಳಿ ಅಂದಿದ್ಲು," ಎಂದಳು ಕುಬ್ರಾ. "ಅಮ್ಮೀ, ನನಗ ಹಿಂಗ ಆಗ್ಯಾದ ಅಂತ ನೀ ಒಂದ ಮಾತು ಅಂದಿದ್ರ..." ಎಂದು ನೆಲಕ್ಕೆ ಕುಸಿದು ಗೋಳೋ ಎಂದು ಅತ್ತಳು. ಅಳು ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಮೈ ತೊಳಿಯೋ ಹೊತ್ತಿನ್ಯಾಗ ಆಕೀನ್ನ ಎಷ್ಟು ಮಂದಿ ನೋಡಿದ್ರಿ?"

ರಜಿಯಾ ತಲೆ ತಗ್ಗಿಸಿದಳು. "ಮೂವರೂ ನೋಡಿದಿವಿ," ಎಂದಳು.