ದೀಪಕ್ಕೆ ಬಂದ ಮದುಮಗಂದಿರು

ಮೊನ್ನೆ ಸಂಜೆ ಮಗಳ ಮದುವೆಗೆಂದು ಟ್ರಂಕಿನಿಂದ ನನ್ನ ಧಾರೆ ಸೀರೆ ತೆಗೆದೆ. ಒಣ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಸೀರೆ ಹರಡುವಷ್ಟರಲ್ಲಿ, ಮೊದಲ ಮಳೆಗೆ ಎದ್ದ ರೆಕ್ಕೆ ಇರುವೆಗಳು ದೀಪಕ್ಕೆ ಮುತ್ತಿ ಸೀರೆಯ ಮೇಲೆ ಉದುರತೊಡಗಿದವು. ಮಗಳು ಕಿರುಚಿದಳು. ನನಗೋ ದೊಡ್ಡವ್ವ ನೆನಪಾದಳು...

ದೊಡ್ಡವ್ವ ಎಂದರೆ ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯಾಕೆ. ಈ ಸೀರೆ ನೆಯ್ದದ್ದು ಆಕೆಯೇ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೆಯ್ಯುವ ತನ್ನ ಕುಣಿಮಗ್ಗದಲ್ಲಿ. ಮಕ್ತಲ ಊರಿನ ಹುಡುಗನೊಂದಿಗೆ ನನ್ನ ಮದುವೆ ಹತ್ತಿರ ಬಂದಿತ್ತು, ಸೆರಗಿನ್ನೂ ಮಗ್ಗದ ಮೇಲೇ ಇತ್ತು. ಒಂದು ಸಂಜೆ ಹೀಗೇ ದೀಪಕ್ಕೆ ಬಂದ ಇರುವೆಗಳು ಮಗ್ಗದ ಮೇಲೆ ಬಿದ್ದವು. ನನ್ನವ್ವನೋ, ಹಲ್ಲಿ ಲೊಚಗುಟ್ಟಿದರೂ ಅಪಶಕುನ ಎನ್ನುವವಳು. ಸೀಮೆಎಣ್ಣೆ ಡಬ್ಬಿ ಹಿಡಿದು ಓಡಿ ಬಂದಳು.

“ಅಕ್ಕಾ, ಇವು ಕುಣ್ಯಾಗ ಗೂಡು ಕಟ್ಟತಾವ! ಮದಿವಿ ಸೀರಿಗೇ ಬರಬೇಕಿತ್ತಾ ಇವು?”

ಎಣ್ಣೆ ಬಿದ್ದರೆ ರೇಷ್ಮೆ ಅಂಚಿನ ಕಥೆ ಮುಗಿದಂತೆಯೇ.

ದೊಡ್ಡವ್ವ ಒಂದು ಇರುವೆಯನ್ನು ಅಂಗೈಗೆ ತೆಗೆದುಕೊಂಡಳು. “ತಡಿ ತಂಗಿ. ನೋಡಿಲ್ಲೆ, ಸಣ್ಣ ತಲಿ, ದೊಡ್ಡ ಕಣ್ಣು, ಸಣಕಲ ಹೊಟ್ಟಿ, ನೆಟ್ಟಗಿನ ಮೀಸಿ. ಇದು ಗಂಡು. ಗೂಡು ಕಟ್ಟಾಕಿ ಹೆಣ್ಣು, ಆಕಿ ಇದಕಿಂತ ದಪ್ಪ ಇರತಾಳ. ಇವು ಒಂದೊಂದೂ ಮದಿಮಗನ, ಮದಿವಿಗೆ ಹೊಂಟಾವ. ನಿಮ್ಮ ಮಕ್ತಲದ ಅಳಿಯಾನೂ ಹಿಂಗೇ ಅದಾನಲ್ಲ, ಬರೇ ಕಣ್ಣು!”

ಅವ್ವ ನಕ್ಕುಬಿಟ್ಟಳು. ಡಬ್ಬಿ ಕೆಳಗಿಟ್ಟು, ಹೆಣ್ಣು ಯಾವುದಾದರೂ ಇದೆಯೇ ಎಂದು ತಾನೂ ಬಗ್ಗಿ ಹುಡುಕಿದಳು. ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನೂ ನಾನೂ ಹೋಗಿ ನೋಡಿದರೆ ನೆಲ ಸ್ವಚ್ಛ. “ಎಲ್ಲಿ ಹೋದವು ದೊಡ್ಡವ್ವಾ?” ಎಂದೆ.

“ಹಾರಿ ಹೋದವು,” ಎಂದು ಲಾಳಿ ಎಸೆಯುತ್ತಲೇ ಹೇಳಿದಳು. ಇಷ್ಟು ವರ್ಷ ಅದನ್ನೇ ನಂಬಿದ್ದೆ, ಪೆದ್ದಿ!

ನಿನ್ನೆ ನಸುಕಿನಲ್ಲಿ ಎದ್ದು ನೋಡುತ್ತೇನೆ, ದೀಪದ ಕೆಳಗೆ ಎಲ್ಲವೂ ಸತ್ತು ಬಿದ್ದಿವೆ. ಅದೇ ಸಣ್ಣ ತಲೆ, ಅದೇ ದೊಡ್ಡ ಕಣ್ಣು... ಗಂಡುಗಳ ಆಯುಷ್ಯವೇ ಅಷ್ಟು. ಸತ್ತ ಮದುಮಗಂದಿರನ್ನು ಅವ್ವ ನೋಡಿದ್ದರೆ ನನ್ನ ಮದುವೆಯನ್ನೇ ನಿಲ್ಲಿಸುತ್ತಿದ್ದಳು. ಅದಕ್ಕೇ ಅಂದು ನಾವು ಏಳುವ ಮೊದಲೇ ದೊಡ್ಡವ್ವ ಗುಡಿಸಿಬಿಟ್ಟಿದ್ದಳು.

ಈಗ ಆಕೆಯಿಲ್ಲ. ಮಗ್ಗದ ಕುಣಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಗೊತ್ತಾಯಿತು ದೊಡ್ಡವ್ವಾ ಎಂದು ಒಂದು ಮಾತು ಹೇಳಬೇಕೆನಿಸಿತು, ಕಣ್ಣು ತುಂಬಿತು. ಒಳಗೆ ನನ್ನವರು, ಅದೇ ಮಕ್ತಲದ ಅಳಿಯ, ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ನಾನು ಕಸಬರಿಗೆ ತೆಗೆದುಕೊಂಡೆ.

ಮಗಳು ಎದ್ದು ಬಂದು ನೆಲ ನೋಡಿದಳು. “ಎಲ್ಲಿ ಹೋದವವ್ವಾ?”

“ಹಾರಿ ಹೋದವು,” ಎಂದೆ. ಅವಳು ಸೀರೆ ಕೊಡವಿ ಹೆಗಲಿಗೆ ಹಾಕಿಕೊಂಡಳು.