ಆಪಾ ಎಣಿಸಿದ ನಾಲ್ಕು, ನಾವು ಕೊಟ್ಟ ಎರಡು

ಆಪಾಳ ಬಲಗೈಯಲ್ಲಿ ತೋರುಬೆರಳು ಇರಲಿಲ್ಲ. ಅದಿದ್ದ ಜಾಗದಲ್ಲಿ ಹುಣಸೆಬೀಜದಷ್ಟು ಮೋಟು ಉಳಿದಿತ್ತು. ಹತ್ತಿ ಹಿಂಜುವ ಮಷಿನ್ನು ಅದನ್ನು ನುಂಗಿದ್ದು ನಾನು ಹುಟ್ಟುವುದಕ್ಕೂ ಮೊದಲು. ನಮಾಜಿನಲ್ಲಿ ದೇವರೊಬ್ಬನೇ ಎಂದು ಸಾಕ್ಷಿ ಹೇಳುವಾಗ ಎತ್ತಬೇಕಾದದ್ದು ಅದೇ ಬೆರಳು. ಆಪಾ ಮೋಟನ್ನೇ ಎತ್ತುತ್ತಿದ್ದಳು. ಚಿಕ್ಕವಳಿದ್ದಾಗ ಅದನ್ನು ನೋಡಿ ನಕ್ಕು ಅವ್ವನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ.

ಆಪಾ ಎಂದರೆ ಅಕ್ಕ. ಆದರೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಮುದುಕಿಯರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅದು ಓದಿಸುವವಳಿಗೆ ಕೊಟ್ಟ ಗೌರವ. ತೆಲಿಗಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿದ ಮೇಲೆ ಅವನ ಮಷಿನ್ನನ್ನು ತಾನೇ ನಡೆಸಿದಳು. ಬೆಳಗಿನಿಂದ ಗಾದಿ, ದಿಂಬು. ಮಧ್ಯಾಹ್ನ ಹುಬ್ಬಿಗೆ ಅಂಟಿದ ಹತ್ತಿಯನ್ನೂ ಒರೆಸಿಕೊಳ್ಳದೆ ಹೆಣ್ಣುಮಕ್ಕಳಿಗೆ ದೀನಿನ, ಅಂದರೆ ಧರ್ಮದ ಪಾಠ. ನಾವು ಪಿಂಜಾರರು, ಮನೆಮಾತು ಕನ್ನಡ. ಮಸೀದಿಯ ಹಜರತ್ತರು ಉರ್ದುವಿನಲ್ಲಿ ಹೇಳಿದ್ದು ನಮ್ಮ ಹೆಂಗಸರಿಗೆ ಒಂದಕ್ಷರವೂ ಹತ್ತುತ್ತಿರಲಿಲ್ಲ. ಆಪಾ ಮಾತ್ರ ಈಮಾನಿನ ಆರು ನಂಬಿಕೆಗಳನ್ನು ನಮ್ಮ ಮಾತಿನಲ್ಲೇ, ಬೆರಳು ಮಡಚಿ ಹೇಳಿಕೊಡುತ್ತಿದ್ದಳು.

"ಅಲ್ಲಾ ಒಬ್ಬಾಂವ ಅದಾನ. ಅವನ ದೇವದೂತರು ಅದಾರ. ಅವನ ಕಿತಾಬು ಅದಾವ. ಅವನ ಪೈಗಂಬರರು ಅದಾರ." ಅಲ್ಲಿಗೆ ಅವಳ ನಾಲ್ಕು ಬೆರಳು ಮುಗಿಯುತ್ತಿದ್ದವು. "ನನ್ನವು ತೀರಿದ್ವು. ನಿನ್ನವು ಎರಡು ಕೊಡು" ಎಂದು ನಮ್ಮ ಕೈ ಎಳೆದುಕೊಳ್ಳುವಳು. "ಕಡೀ ದಿನ ಐತಿ. ತಕ್ದೀರು ಐತಿ, ಒಳ್ಳೇದು ಕೆಟ್ಟದ್ದು ಎರಡೂ ಅವನ ಕಡಿಯಿಂದ."

"ನಿನ್ನ ಎಡಗೈ ಐತಲ್ಲ ಆಪಾ?" ಎಂದು ಒಮ್ಮೆ ಕೇಳಿದ್ದೆ.

"ಅದು ನಿನ್ನ ಹಿಡಕೊಳ್ಳಾಕ ಬೇಕಲ್ಲಲೇ" ಅಂದಳು.

ನನಗೆ ಹತ್ತೊಂಬತ್ತಾದಾಗ, ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ, ಅವ್ವನ ಹೊಟ್ಟೆಯಲ್ಲಿ ನೀರು ತುಂಬಿತು. ದಾವಣಗೆರೆಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಅವ್ವನಿಗೆ ಸಾವಿನ ಭಯ ಇರಲಿಲ್ಲ. ಕಬರಿನ ಭಯ ಇತ್ತು. ಮಣ್ಣು ಕೊಟ್ಟು ಮಂದಿ ತಿರುಗಿದ ಮೇಲೆ ಇಬ್ಬರು ದೇವದೂತರು ಬಂದು, ನಿನ್ನ ದೇವರು ಯಾರು, ಧರ್ಮ ಯಾವುದು, ಪೈಗಂಬರರು ಯಾರು ಎಂದು ಕೇಳುತ್ತಾರೆ. ನೋಡಲು ಬಂದಿದ್ದ ಕೂಡ್ಲಿಗಿಯ ಸೋದರತ್ತೆ ಅದನ್ನೆಲ್ಲ ಅರಬ್ಬಿಯಲ್ಲೇ ಕೇಳುತ್ತಾರೆ ಎಂದು ಹೇಳಿ, ಚಹಾ ಕುಡಿದು ಹೋದಳು. ಹುಟ್ಟಿದಾಗಿನಿಂದ ಗಾದಿ ಹೊಲಿದ ಅವ್ವ ಒಂದು ದಿನವೂ ಪಾಠಕ್ಕೆ ಕೂತವಳಲ್ಲ.

ನಾನು ಕಲಿಸಲು ಹೊರಟೆ. ಹಜರತ್ತರಿಂದ ಅರಬ್ಬಿಯ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದು ಹತ್ತು ದಿನ ಅವ್ವನ ಬಾಯಲ್ಲಿ ತುರುಕಿದೆ. ಅವಳ ನಾಲಿಗೆ ಒಣಗಿ ಹೊರಳುತ್ತಿರಲಿಲ್ಲ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ಒಂದು ದಿನ ನನ್ನ ತಲೆ ಕೆಟ್ಟು ಕಿರುಚಿಬಿಟ್ಟೆ: "ಇಷ್ಟೂ ಬರಂಗಿಲ್ಲ ಅಂದ್ರ ಅಲ್ಲಿ ಏನ್ ಮಾಡ್ತಿ? ಅಲ್ಲಿಗೂ ನಾ ಬರಾಕ ಆಗತೈತೇನು?"

ಅವ್ವ ಗೋಡೆಗೆ ಮುಖ ಮಾಡಿದಳು. ಆಮೇಲೆ ಪಾಠಕ್ಕೂ ಬಾಯಿ ತೆರೆಯಲಿಲ್ಲ, ನೀರಿಗೂ ತೆರೆಯಲಿಲ್ಲ. ಸಾಯುವವಳಿಗೆ ಇಂಥ ಮಾತಾಡಿದ ಪಾಪಿ ನಾನು. ಮರುದಿನ ಬರಿಗಾಲಲ್ಲಿ ಆಪಾಳ ಅಂಗಡಿಗೆ ಓಡಿದೆ. ಹಿಡಿದ ಗಾದಿ ಮುಗಿಯದೆ ಮಷಿನ್ನು ನಿಲ್ಲಿಸದವಳು, ಅವತ್ತು ಅರ್ಧ ಹಿಂಜಿದ ಹತ್ತಿಯನ್ನು ಹಾಗೇ ಬಿಟ್ಟು ಬಂದಳು.

ಅವ್ವ ಅವಳನ್ನು ಕಂಡು ಬಾಯಿಬಿಟ್ಟಳು. "ನನಗ ಅರಬ್ಬಿ ಬರಂಗಿಲ್ಲ ಆಪಾ. ನನ್ನ ಕೈಬಿಡ್ತಾರ."

"ನಿನ್ನ ಹುಟ್ಟಿಸಿದಾಂವ ಕೊಟ್ಟೂರಾಗ ಹುಟ್ಟಿಸ್ಯಾನ. ನಿನ್ನ ಮಾತು ತಿಳಿಯದವರನ್ನ ನಿನ್ನ ಹಂತ್ಯಾಕ ಕಳಸ್ತಾನೇನು?" ಆಪಾ ತನ್ನ ನಾಲ್ಕು ಬೆರಳು ಮಡಚಿ, ಅವ್ವನ ಕೈ ತೆಗೆದುಕೊಂಡಳು. "ಕಡೀ ದಿನ ಐತಿ" ಎಂದು ಅವ್ವ ತುಟಿ ಅಲ್ಲಾಡಿಸಿದಳು.

ಆರನೆಯದಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. "ಈ ಹೊಟ್ಟಿ, ಈ ನೋವು, ಇದೂ ಅವನ ಕಡಿಯಿಂದೇನು?"

ಆಪಾ ಅವ್ವನ ಕೈ ಬಿಡಲಿಲ್ಲ. "ಹೌದಂತ ನಂಬೀನಿ. ಯಾಕಂತ ಗೊತ್ತಿಲ್ಲ. ಬೆರಳು ಹೋದಾಗ ಕೇಳಿದ್ದೆ, ಗಂಡ ಹೋದಾಗ ಕೇಳಿದ್ದೆ. ಇನ್ನೂ ಕೇಳಾಕತ್ತೀನಿ" ಅಂದಳು. ಅವ್ವ ಅವತ್ತು ಎರಡು ಚಮಚ ನೀರು ಕುಡಿದಳು.

ನಾಲ್ಕು ದಿನ ಆಪಾ ಬಂದಳು. ಐದನೆಯ ಮಧ್ಯಾಹ್ನ ತನ್ನ ಬೆರಳು ಮುಗಿಸಿ ಅವ್ವನ ಕೈ ಹಿಡಿದಾಗ ಆ ಬೆರಳುಗಳಲ್ಲಿ ಜೀವ ಇರಲಿಲ್ಲ. ಉಳಿದ ಎರಡನ್ನು ಅವ್ವ ಮನಸ್ಸಿನಲ್ಲಾದರೂ ಹೇಳಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಗಂಡಸರು ಜನಾಜಾ ಹೊತ್ತು ಹೋದ ಮೇಲೆ ನಾನು ಹೊಸ್ತಿಲಲ್ಲಿ ಕೂತು ಹೊತ್ತು ಎಣಿಸಿದೆ. ಈಗ ಇಳಿಸಿರಬಹುದು. ಈಗ ಮಣ್ಣು ಕೊಟ್ಟಿರಬಹುದು. ಈಗ ತಿರುಗಿದರು, ಈಗ ಕೇಳುತ್ತಿದ್ದಾರೆ. ಆಪಾ ಪಕ್ಕದಲ್ಲಿ ಬಂದು ಕೂತು ಎಡಗೈಯಲ್ಲಿ ನನ್ನನ್ನು ಹಿಡಿದುಕೊಂಡಳು. ಆಮೇಲೆ ಕಬರಸ್ತಾನದ ದಿಕ್ಕಿಗೆ ಮುಖ ಮಾಡಿ, ಓಣಿಗೆಲ್ಲ ಕೇಳುವಂತೆ ಹೇಳತೊಡಗಿದಳು: "ಅಂಜಬ್ಯಾಡವ್ವಾ. ಅಲ್ಲಾ ನನ್ನ ದೇವರು ಅನ್ನು. ಇಸ್ಲಾಂ ನನ್ನ ಧರ್ಮ ಅನ್ನು."

ಆಪಾ ತೀರಿಕೊಂಡಿದ್ದು ಏಳೆಂಟು ವರ್ಷಗಳ ನಂತರ. ನಾನು ಆಗ ಹಗರಿಬೊಮ್ಮನಹಳ್ಳಿಯ ಸೊಸೆ. ಸುದ್ದಿ ತಿಳಿದು ಸಿಕ್ಕ ಬಸ್ಸು ಹತ್ತಿದೆ. ಮೈ ತೊಳೆಯುವ ಹೆಂಗಸರು ಬಲಗೈಯನ್ನು ನನಗೆ ಬಿಟ್ಟರು. ನಾಲ್ಕು ಬೆರಳನ್ನು ಒಂದೊಂದು ನಂಬಿಕೆ ಹೇಳುತ್ತ ತೊಳೆದು, ಮೋಟಿಗೂ ನೀರು ಹಾಕಿ, ನನ್ನವು ಎರಡು ಮಡಚಿದೆ. ಐದನೆಯದು ಬಾಯಿಗೆ ಬಂತು. ಆರನೆಯದಕ್ಕೆ ನಾಲಿಗೆ ತಡೆಯಿತು, ಇವತ್ತಿಗೂ ತಡೆಯುತ್ತದೆ. ಆಪಾಳಂತೆ ನಾನೂ ಕೇಳುತ್ತಲೇ ಇದ್ದೇನೆ.

ಅವಳಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಗಂಡಸರು ಹೋದ ಮೇಲೆ ನಾನು ಅವಳ ಹೊಸ್ತಿಲಲ್ಲಿ ಕೂತೆ. ಮಂದಿ ತಿರುಗುವ ಹೊತ್ತು ಲೆಕ್ಕ ಹಾಕಿ, ಕಬರಸ್ತಾನದ ದಿಕ್ಕಿಗೆ ಮುಖ ಮಾಡಿ, ಗಂಟಲು ಬಿಚ್ಚಿ ಕೂಗಿದೆ: "ಅಂಜಬ್ಯಾಡ ಆಪಾ."