ಮೂರು ಅಡಿ ಪುಸ್ತಕ

ಮಗಳ ಹೊಸ ಶೆಲ್ಫಿಗೆ ಸ್ಕ್ರೂ ಬೇಕೆಂದು ಅಂಗಡಿಯ ಡ್ರಾಯರು ಕೆದಕುತ್ತಿದ್ದಾಗ ಹಳೆಯ ಅಳತೆ ಟೇಪು ಕೈಗೆ ಸಿಕ್ಕಿತು. ಎಳೆದರೆ ಮೂರು ಅಡಿಗೆ ನಿಲ್ಲುತ್ತದೆ, ಮುಂದೆಲ್ಲ ತುಕ್ಕು. ಇದೇ ಟೇಪು ಹಿಡಿದು ನಾನೊಮ್ಮೆ ಮೂರು ಅಡಿ ಪುಸ್ತಕ ಕೊಂಡಿದ್ದೆ. ನಗಬೇಡಿ. ಪೈಪು ಮಾರುವವನಿಗೆ ಲೋಕವೆಲ್ಲ ಅಡಿಲೆಕ್ಕ.

ಮದರಾಸಿನ ಅಣ್ಣಾ ನಗರದಲ್ಲಿ ಮನೆ ಮಾಡಿದ ಹೊಸತು. ಮಗಳು ಮೀರಾಗೆ ಒಂಬತ್ತು ವರ್ಷ. ಬಾಯಿ ತೆರೆದರೆ ಪ್ರಶ್ನೆ. ಗಿರಾಕಿಗೆ ‘ಗೊತ್ತಿಲ್ಲ’ ಅಂದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ನನಗೆ ಬದುಕು ಕಲಿಸಿದ ಪಾಠ. ಹಾಗಾಗಿ ಮಗಳಿಗೂ ಏನಾದರೊಂದು ಹೇಳಿಬಿಡುತ್ತಿದ್ದೆ. ಹಲ್ಲಿ ಯಾಕೆ ಬೀಳುವುದಿಲ್ಲ ಎಂದಾಗ ಕಾಲಿನಲ್ಲಿ ಗೋಂದು ಇದೆ ಅಂದೆ. ಸ್ಕೂಲಿನಲ್ಲಿ ಅದನ್ನೇ ಹೇಳಿ ನಗೆಪಾಟಲಾಗಿ ಬಂದವಳು, ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಇನಿಮೇಲ್ ನಿನ್ನ ಕೇಳಲ್ಲ ಪಾ" ಎಂದಳು. ಕೇಳಲೂ ಇಲ್ಲ.

ಪುಸ್ತಕ ತಂದಿಟ್ಟರೆ ಮತ್ತೆ ನನ್ನ ಬಳಿ ಬಂದಾಳು ಎಂದು ನುಂಗಂಬಾಕ್ಕಂನ ಒಂದು ಗಲ್ಲಿಗೆ ಹೋದೆ. ಅಲ್ಲಿ ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡದವರೊಬ್ಬರು, ರಂಗಾಚಾರ್, ತಮ್ಮ ಕಾರ್ ಶೆಡ್ಡಿನಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದರು. ಟೇಪು ಬಿಚ್ಚಿ, "ಮೂರಡಿ ಕೊಡಿ, ಹೋಲ್‌ಸೇಲ್ ರೇಟು" ಅಂದೆ.

"ಅಡಿಲೆಕ್ಕವಾ? ಸರಿ ಪಾ. ಆದ್ರೆ ಆರಿಸೋದು ನಾನು. ಓದೋದು ಯಾರು?"

"ಮಗಳು. ಎಲ್ಲದಕ್ಕೂ ಯಾಕೆ ಅಂತಾಳೆ."

"ಹಂಗಾದ್ರೆ ಒಂದೇ ಮಾದರಿ ಬೇಡ" ಎಂದು ಇರುವೆಗಳ ಪುಸ್ತಕದ ಪಕ್ಕ ಸೇತುವೆಗಳದ್ದು, ಅದರ ಪಕ್ಕ ಎಣ್ಣೆಕಲೆಯ ಅಡುಗೆಯದು, ಒಂದು ಭೂಪಟ, ಹಡಗಿನ ಬಾಣಸಿಗನೊಬ್ಬನ ನೆನಪುಗಳು, ಹೀಗೆ ಪೇರಿಸಿದರು. ತುದಿಗೆ ನಕ್ಷತ್ರಗಳ ಕುರಿತ ಕನ್ನಡ ಪುಸ್ತಕ. ಕೊನೆಯ ಹಾಳೆಗಳೇ ಇಲ್ಲ. ಕೊಸರು ಬಿಡುವವನಲ್ಲ ನಾನು.

"ಹರಿದಿದ್ದು ಫ್ರೀ."

"ತೊಗೊಂಡ್ಹೋಗಯ್ಯ, ಪೈಪಿನೋನೇ."

ನಿಮಗೊಂದು ಸಲಹೆ: ಮಕ್ಕಳಿಗೆ ಪುಸ್ತಕ ಕೊಳ್ಳುವಾಗ ರಟ್ಟಿನ ಹೊಳಪು ನೋಡಬೇಡಿ. ಮೀರಾ ಚಿತ್ರಕ್ಕೆ ಮರುಳಾಗಿ ಎತ್ತಿಕೊಂಡದ್ದು ಆ ಹರಿದದ್ದನ್ನೇ. ಅವಳಿಗೆ ಕನ್ನಡ ಓದಲು ಬಾರದು. ಬೇರೆ ದಾರಿಯಿಲ್ಲದೆ ನನ್ನ ಕೈಗಿಟ್ಟು, "ನೀಯೇ ಪಡಿ ಪಾ, ನೀನೇ ಓದು" ಎಂದಳು. ದಿನಾ ಅಂಗಡಿಯಿಂದ ಬಂದು ಓದಿ ಹೇಳಿದೆ. ಒಂದು ಸಂಜೆ, ನಕ್ಷತ್ರ ಸತ್ತ ಮೇಲೆ ಏನಾಗುತ್ತದೆ ಎಂಬಲ್ಲಿಗೆ ಹಾಳೆ ಮುಗಿಯಿತು.

"ಅಪ್ಪುರಂ? ಆಮೇಲೆ?"

ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹಲ್ಲಿ ನೆನಪಾಯಿತು. "ಗೊತ್ತಿಲ್ಲಮ್ಮ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಪಕ್ಕದ ಅಂಗಡಿಗೆ ಹೋಗಲಿಲ್ಲ; ಹತ್ತಿರ ಸರಿದು, "ನಾಳೆ ಆ ಪುಸ್ತಕದ ತಾತನ ಹತ್ರ ಕೇಳೋಣ್ವಾ?" ಅಂದಳು. ಮರುದಿನ ಹೋದೆವು. ರಂಗಾಚಾರ್ ಅವರಿಗೂ ಗೊತ್ತಿರಲಿಲ್ಲ. ಮೂವರೂ ಸೇರಿ ಉತ್ತರ ಹುಡುಕುತ್ತ ಶೆಡ್ಡಿನ ಧೂಳೆಬ್ಬಿಸಿದೆವು. ನನ್ನ ವ್ಯಾಪಾರದಲ್ಲಿ ಅಷ್ಟು ಲಾಭದ ಮಧ್ಯಾಹ್ನ ಇನ್ನೊಂದಿಲ್ಲ.

ಈಗ ಮೀರಾ ಮನೆ ಅಡ್ಯಾರಿನಲ್ಲಿ. ಬೆಳಿಗ್ಗೆ ಫೋನಿನಲ್ಲಿ, "ಅಪ್ಪಾ, ಶೆಲ್ಫಿಗೆ ಏನೇನು ಬುಕ್ಸ್ ಹಾಕಲಿ?" ಎಂದು ಕೇಳಿದ್ದಳು. ಸಲಹೆ ಕೊಡುವುದೆಂದರೆ ನನಗೆ ಹಬ್ಬ. ಸಂಜೆ ತಿಳಿಸುತ್ತೇನೆಂದು ಹೇಳಿ, ಅರ್ಧ ಪಟ್ಟಿಯನ್ನೂ ಬರೆದಾಗಿತ್ತು. ಅದನ್ನು ಮಡಚಿ ಜೇಬಿಗೆ ತುರುಕಿ ಫೋನು ಮಾಡಿದೆ.

"ಗೊತ್ತಿಲ್ಲಮ್ಮ. ನೀನೂ ಬಾ, ಹೋಗಿ ಹುಡುಕೋಣ."

ಟೇಪನ್ನು ಡ್ರಾಯರಿನಲ್ಲೇ ಬಿಟ್ಟು ದೊಡ್ಡ ಚೀಲ ಎರಡು ತೆಗೆದುಕೊಂಡೆ. ಹರಿದ ಪುಸ್ತಕ ಸಿಕ್ಕರೆ ಈ ಸಲ ಚೌಕಾಸಿ ಮಾಡಬಾರದು ಅಂದುಕೊಂಡಿದ್ದೇನೆ. ನೋಡೋಣ.